ಕೊಸರು

"ಶುಕ್ರವಾರ ಉಂಟು, ಶನಿವಾರ ಇಲ್ಲ. ಏನು ಹೇಳಿ?"
ಲೀಲ್ ನಗರದಲ್ಲಿ, ಹೀಟರು ಕೆಟ್ಟ ತರಗತಿಯಲ್ಲಿ
ಕೋಟು ಬಿಚ್ಚದೆ ಕೂತವರಿಗೆ ಓದೀಲ್ ಒಡ್ಡುವ ಒಗಟು.
ಶುಕ್ರವಾರಕ್ಕೆ ಅವರು 'ವಾಂದ್ರದಿ' ಅನ್ನುತ್ತಾರೆ:
ದಿ ಬರುವ ಮೊದಲು ಸಣ್ಣದೊಂದು ಸ್ವರ
ಕಾಲೂರಿ ನಿಂತಿದೆ.
ಶನಿವಾರಕ್ಕೆ 'ಸಮ್ದಿ'. ಬರೆದದ್ದರಲ್ಲಿ ಅದೇ ಅಕ್ಷರ ಇದೆ,
ಬಾಯಲ್ಲಿ ಇಲ್ಲ.

ಹಳೆಯ ನಿಯಮ ಸರಳ.
ಮೂರು ವ್ಯಂಜನ ಮೈಗೆ ಮೈ ತಿಕ್ಕಿ ಜಗಳಕ್ಕೆ ನಿಂತರೆ
ಸ್ವರ ನಡುವೆ ಬಂದು ಬಿಡಿಸುತ್ತದೆ;
ಇಬ್ಬರೇ ಆದರೆ, ನಿಮ್ಮ ಪಾಡು ನಿಮಗೆ ಎಂದು ಎದ್ದು ಹೋಗುತ್ತದೆ.
'ಒಂದು ಕಿಟಕಿ'ಗೆ ಯುನ್ ಫನೆತ್ರ್,
'ಆ ಕಿಟಕಿ'ಗೆ ಲಾ ಫ್ನೆತ್ರ್.
ಗೊತ್ತಿಲ್ಲದ ಕಿಟಕಿ ಒಂದು ಬೆರಳು ತೆರೆದಿರುತ್ತದೆ,
ಗೊತ್ತಿರುವುದು ಮುಚ್ಚಿರುತ್ತದೆ.

ಹಿಂದಿನ ಬೆಂಚಿನ ಕೊರಾಂತಾನ್ ಬಿಡುವುದಿಲ್ಲ:
"ಹಿಮಕರಡಿಗೆ 'ಊರ್ಸ ಬ್ಲಾಂ' ಅನ್ನುತ್ತೇವಲ್ಲ,
ಅಲ್ಲಿ ಬರೆದೇ ಇಲ್ಲದ ಸ್ವರ ಎಲ್ಲಿಂದ ಬಂತು?
ಕರಡಿಯ ಬೆನ್ನ ಮೇಲೆ ಅದನ್ನು ಕೂರಿಸಿದ್ದು ಯಾರು?"

ಬೋರ್ಡು ತುಂಬುತ್ತದೆ.
ಆಳದಲ್ಲಿ ಇದೆ, ಮೇಲೆ ಬರುವಷ್ಟರಲ್ಲಿ ಉದುರುತ್ತದೆ ಅನ್ನುವವರು.
ಆಳದಲ್ಲಿ ಏನೂ ಇಲ್ಲ, ನಾಲಗೆ ಎಡವಿದಲ್ಲಿ
ತಂದು ಇಡುತ್ತೇವೆ ಅನ್ನುವವರು.
ಅದು ಖಾಲಿ ಮನೆ, ಬಾಗಿಲಿಗೆ ಸಂಖ್ಯೆ ಉಂಟು,
ಮುಂದಿನ ಮನೆಯಲ್ಲಿ ದೀಪ ಇದ್ದರೆ ಇದು ಕತ್ತಲಲ್ಲಿರಬಹುದು,
ಸಾಲಾಗಿ ಎರಡು ಕತ್ತಲಾಗಕೂಡದು ಅನ್ನುವವರು.
ಕೊನೆಗೆ ಕೋಷ್ಟಕದವರು. ಅವರಲ್ಲಿ ನಕ್ಷತ್ರ ಎಂದರೆ
ಮೆಚ್ಚುಗೆಯಲ್ಲ, ತಪ್ಪು.
ಎಲ್ಲ ರೂಪಗಳೂ ತಪ್ಪು ಮಾಡಿದವೇ;
ಯಾವುದರದು ಹಗುರವೋ ಅದರತ್ತ
ಪುಟ್ಟ ಕೈಯೊಂದು ಬೆರಳು ತೋರಿಸುತ್ತದೆ.

(ನಮ್ಮ ವ್ಯಾಕರಣದ ಮೇಷ್ಟರಾದರೆ
ಲೋಪ, ಆಗಮ ಎಂದು ಎರಡೇ ಮಾತಲ್ಲಿ ಮುಗಿಸಿ
ಗಂಟೆಗೆ ಕಾಯುತ್ತಿದ್ದರು.
ಊರು ಊರು ಸೇರಿ ಊರೂರು ಆದಾಗ
ಬಿದ್ದ ಉಕಾರವನ್ನು ಯಾರು ಹುಡುಕಿಕೊಂಡು ಹೋದರು?)

ಜೂನ್ ತಿಂಗಳ ಒಂದು ಶುಕ್ರವಾರ ಅವಳು ದಕ್ಷಿಣದ ಕಡಲಂಚಿಗೆ,
ನಕ್ಷೆಯಲ್ಲಿ ಮೆಜ್, ಅಲ್ಲಿನವರ ಬಾಯಲ್ಲಿ ಮೆಜ.
ಸಿಂಪಿ ಬೆಳೆಸುವ ಬ್ಲಾಂದೀನ್ ರುಮೆಗಾಸ್
ರಬ್ಬರಿನ ಏಪ್ರನ್ನಿನಲ್ಲೇ ಮೈಕಿನೆದುರು ಕೂತು ಓದುತ್ತಾಳೆ:
ಯುನ. ಪತಿತ. ಫನೆತ್ರ.
ಒಂದು ಸ್ವರವೂ ತಪ್ಪಿಸಿಕೊಂಡಿಲ್ಲ,
ಪಂಕ್ತಿಯಲ್ಲಿ ಎಲ್ಲರಿಗೂ ಎಲೆ.
"ಓದೀಲ, ಇನ್ನೆಷ್ಟು ಸಲ ಓದಲಿ?"

ಓದೀಲ. ಇದೇ ಊರಿನಲ್ಲಿ ಇಟ್ಟ ಹೆಸರು.
ಹದಿನೆಂಟಕ್ಕೆ ಪ್ಯಾರಿಸ್ಸಿಗೆ ಹೋಗಿ 'ರೋಜ' ಎಂದದ್ದಕ್ಕೆ
ಹಾಸ್ಟೆಲಿನ ಹುಡುಗಿಯರು ನಕ್ಕಿದ್ದರು.
ಒಂದೇ ಚಳಿಗಾಲದಲ್ಲಿ, ಕನ್ನಡಿಯೆದುರು
ಪದಗಳ ಬಾಲ ಕತ್ತರಿಸಿದಳು,
ಮೊದಲು ಹೂವಿನದು, ಆಮೇಲೆ ತನ್ನದು.

ರಾತ್ರಿ ಲಾಡ್ಜಿನಲ್ಲಿ ದನಿಯನ್ನು ತೆರೆಯ ಮೇಲೆ ಹರಡಿ ನೋಡುವಾಗ
ಕಟ್ಟಕಡೆಗೆ, ಯಂತ್ರ ನಿಂತಿದೆ ಅಂದುಕೊಂಡ ಮೇಲೆ,
ತನ್ನದೇ ದನಿ: "ಯುನ ದೂಜೆನ."
ಒಂದು ಡಜನ್ ಕೊಡಿ ಎಂದದ್ದು, ಅಷ್ಟೆ.
ಬೂದು ಬಣ್ಣದ ಎರಡು ಗೀಟು. ಅಳೆದಳು.
ಐವತ್ತೆಂಟು ಮಿಲಿಸೆಕೆಂಡು. ಎಪ್ಪತ್ತೊಂದು.
ಉದುರಿದ್ದು ಎದ್ದಿತೇ? ಇಲ್ಲದ್ದನ್ನು ನಾಲಗೆ ತಂದಿಟ್ಟಿತೇ?
ಕತ್ತಲ ಮನೆಯಲ್ಲಿ ಇಪ್ಪತ್ತಾರು ವರ್ಷ
ಯಾರಾದರೂ ಇದ್ದರೇ?
ಅಂಚಿನಲ್ಲಿ ಬರೆದಳು:
ಸಂಶೋಧಕಿಯ ಮಾತು, ಎಣಿಕೆಗಿಲ್ಲ.

ಶನಿವಾರದ ರೈಲು. ಮಡಿಲಲ್ಲಿ ಪಾಚಿ ಹೊದಿಸಿದ ಬುಟ್ಟಿ,
ಸೀರಿನ ನೀರು ಸೋರಿ ಲಂಗಕ್ಕೆ ಉಪ್ಪಿನ ಕಲೆ.
ವಾಲಾಂಸ್ ದಾಟಿದ ಮೇಲೆ ಸುಮ್ಮನೆ ಎಣಿಸಿದಳು: ಹದಿಮೂರು.
ಅಲ್ಲಿನ ರೂಢಿ. ಡಜನ್‌ಗೆ ದುಡ್ಡು,
ಮೇಲಿನದೊಂದು ಕೊಸರು.